ಸತ್ತಮೇಲೆ ಹಾಕಲು ಇಟ್ಟ ಸಮವಸ್ತ್ರ

ನನ್ನ ಕಪಾಟಿನಲ್ಲಿ, ನನ್ನ ಬಟ್ಟೆಗಳ ನಡುವೆ, ವರ್ಷಾನುಗಟ್ಟಲೆ ಒಂದು ಹೆಣದ ಬಟ್ಟೆ ತೂಗುತ್ತಿತ್ತು. ಹೆಣ ಮಾತ್ರ ಇನ್ನೂ ಓಡಾಡಿಕೊಂಡಿತ್ತು. ದಿನಾ ನನ್ನ ಊಟದಂಗಡಿಗೆ ಬಂದು ಬೀನ್ಸಿಗೆ ಉಪ್ಪು ಕಮ್ಮಿ ಎಂದು ಕೊಂಕು ತೆಗೆಯುತ್ತಿತ್ತು.

ಅವನ ಹೆಸರು ಎವಾರಿಸ್ತೊ ಲುಹಾನ್. ನನ್ನ ಹಿತ್ತಿಲ ಕೋಣೆಯ ಬಾಡಿಗೆದಾರ. ಅಮೆರಿಕದ ಗಡಿಗೆ ಅಂಟಿಕೊಂಡ ಮೆಕ್ಸಿಕೋದ ಊರು ತಿಹುವಾನಾದ ನಮ್ಮ ಬೀದಿಯಲ್ಲೇ ಕಾರಿನ ಸೀಟು ಹೊಲಿಯುತ್ತಿದ್ದ. ಹುಟ್ಟಿದ್ದು ಮೆಕ್ಸಿಕೋದಲ್ಲಾದರೂ ಕೈಗೂಸಾಗಿದ್ದಾಗಲೇ ಗಡಿ ದಾಟಿದವನು. ಕ್ಯಾಲಿಫೋರ್ನಿಯಾದಲ್ಲಿ ಬೆಳೆದು, ಅಮೆರಿಕದ ಸೈನ್ಯ ಸೇರಿ, ಕುವೈತಿನ ಎಣ್ಣೆಬಾವಿಗಳು ಉರಿಯುವಾಗ ಆ ಹೊಗೆ ಕುಡಿದು ಬಂದವನು. ಬಲಗೈ ಎತ್ತಿ ಸೈನಿಕನ ಪ್ರಮಾಣ ಮಾಡಿದ ದಿನವೇ ತಾನು ಆ ದೇಶದ ಪ್ರಜೆಯಾದೆ ಎಂದುಕೊಂಡಿದ್ದ. ನನ್ನ ಅಂಗಡಿಗೆ ಬರುವ ಗಡೀಪಾರಾದ ಸೈನಿಕರೆಲ್ಲ ಮಾಡಿದ್ದು ಇದೇ ತಪ್ಪು. ಪೌರತ್ವಕ್ಕೆ ಬೇರೆ ಅರ್ಜಿ ಹಾಕಬೇಕೆಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಸಾಯುವುದಕ್ಕೆ ಕಳಿಸುವ ದೇಶ ತನ್ನನ್ನು ನಮ್ಮವನಲ್ಲ ಎಂದೀತು ಎಂಬ ಅನುಮಾನ ಯಾರಿಗೆ ತಾನೇ ಬರುತ್ತದೆ?

ಯುದ್ಧದಿಂದ ಬಂದವನು ನಿದ್ದೆ ಬಾರದೆ ಕುಡಿತಕ್ಕೆ ಬಿದ್ದ. ಒಮ್ಮೆ ಬಾರಿನ ಹೊರಗೆ ಜಗಳವಾಗಿ ಒಬ್ಬನ ಕಾರಿಗೆ ಗುಂಡು ಹಾರಿಸಿದ. ಯಾರಿಗೂ ತಾಗಲಿಲ್ಲ. ಆದರೂ ತಪ್ಪು ತಪ್ಪೇ ಎಂದು ಅವನೇ ಹೇಳುತ್ತಿದ್ದ. ಶಿಕ್ಷೆ ಮುಗಿಸಿ ಜೈಲಿನ ಬಾಗಿಲು ದಾಟುವಷ್ಟರಲ್ಲಿ ವಲಸೆ ಇಲಾಖೆಯವರು ಕಾದಿದ್ದರು. ತಂದು ಗಡಿಯ ಈಚೆ ಬಿಟ್ಟರು.

ಇಂಥವರಿಗೂ ಆ ದೇಶ ಒಂದು ದೊಡ್ಡತನ ತೋರಿಸುತ್ತದೆ. ಸೈನ್ಯದಲ್ಲಿ ಒಳ್ಳೆಯ ಹೆಸರಿನಿಂದ ನಿವೃತ್ತನಾದವನು ಸತ್ತರೆ ಆಚೆಯ ಸೈನಿಕರ ಸ್ಮಶಾನದಲ್ಲಿ ಜಾಗವಿದೆ, ಪೆಟ್ಟಿಗೆಯ ಮೇಲೆ ಬಾವುಟವಿದೆ. ಬದುಕಿದ್ದರೆ ಮಾತ್ರ ಗೇಟು ತೆರೆಯುವುದಿಲ್ಲ. ಅದಕ್ಕೇ ಎವಾರಿಸ್ತೊ ತನ್ನ ಸಮವಸ್ತ್ರವನ್ನು ಇಸ್ತ್ರಿ ಮಾಡಿ ನನ್ನ ಕಪಾಟಿನಲ್ಲಿ ಇಟ್ಟಿದ್ದ. ಸೊರಗುತ್ತ ಹೋದಂತೆಲ್ಲ ಅದನ್ನು ಇಳಿಸಿ, ಪಕ್ಕದ ಹೊಲಿಗೆ ಹಿಡಿದು, ಬಿಗಿ ಮಾಡಿ ಮತ್ತೆ ತೂಗುಹಾಕುತ್ತಿದ್ದ.

“ಸಡಿಲ ಕೋಟಲ್ಲಿ ಮಲಗಿದ್ರೆ ಸೈನ್ಯಕ್ಕೆ ಮರ್ಯಾದೆ ಇರುತ್ತಾ ದೋನ್ಯಾ?” ಎನ್ನುತ್ತಿದ್ದ. ನಮ್ಮಲ್ಲಿ ಹಿರಿಯ ಹೆಂಗಸರನ್ನು ದೋನ್ಯಾ ಎಂದೇ ಕರೆಯುವುದು.

“ತಟ್ಟೇಲಿರೋದನ್ನ ಸರಿಯಾಗಿ ತಿನ್ನು. ಹೊಲಿಯೋ ಕೆಲಸಾನೇ ತಪ್ಪುತ್ತೆ,” ಎಂದು ನಾನು ಗದರುತ್ತಿದ್ದೆ.

ಕೆಮ್ಮು ನಿಲ್ಲದಿದ್ದಾಗ ನಮ್ಮ ಡಾಕ್ಟರು ಶ್ವಾಸಕೋಶದಲ್ಲಿ ಗಡ್ಡೆ ಎಂದರು. ಈಗಲೇ ತೆಗೆದರೆ ಬದುಕುತ್ತಾನೆ, ತಡಮಾಡಿದರೆ ಏನೂ ಹೇಳಲಾಗದು ಎಂದರು. ಇಲ್ಲಿನ ಖರ್ಚು ಅವನ ಕೈಗೆಟುಕುವುದಲ್ಲ. ಗಡಿಯಾಚೆ, ಕಾರಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿ, ಮಾಜಿ ಸೈನಿಕರ ಆಸ್ಪತ್ರೆ ಇದೆ. ಆ ಆಪರೇಷನ್ ಅವನ ಹಕ್ಕು. ಹೊಗೆಯಿಂದ ಕೆಟ್ಟ ಎದೆಗೆ ಪಿಂಚಣಿಯೂ ಹಕ್ಕೇ, ಆದರೆ ಅದರ ಪರೀಕ್ಷೆಗೂ ಆಚೆಗೇ ಹೋಗಬೇಕು. ಆ ನೆಲದ ಮೇಲೆ ಕಾಲಿಡುವ ಹಕ್ಕು ಮಾತ್ರ ಇರಲಿಲ್ಲ.

ಗುರುವಾರಗಳಂದು ಆಚೆಯಿಂದ ಬಂದು ಪುಕ್ಕಟೆ ಸಲಹೆ ಕೊಡುವ ವಕೀಲೆಯೊಬ್ಬಳಿದ್ದಳು. ಕ್ಯಾಲಿಫೋರ್ನಿಯಾದ ರಾಜ್ಯಪಾಲರು ಕ್ಷಮಾದಾನ ಕೊಟ್ಟರೆ ಆ ಗುಂಡಿನ ಕೇಸು ಗಡೀಪಾರಿಗೆ ಕಾರಣವಾಗಿ ಉಳಿಯುವುದಿಲ್ಲ, ಆಮೇಲೆ ವಲಸೆ ನ್ಯಾಯಾಧೀಶರ ಬಳಿ ಕೇಸು ಮತ್ತೆ ತೆರೆಸಬಹುದು ಎಂದು ಬಿಡಿಸಿ ಹೇಳಿದಳು. ಎವಾರಿಸ್ತೊ ಅಲ್ಲೇ ಕೂತು ತಪ್ಪು ಒಪ್ಪಿಕೊಂಡು ಕ್ಷಮಾದಾನಕ್ಕೆ ಅರ್ಜಿ ಬರೆದ. ಪಕ್ಕದಲ್ಲಿದ್ದ ನಿಕಾನೋರ್ ಎದ್ದು ಹೊರನಡೆದ. ಅವನೂ ಗಡೀಪಾರಾದ ಸೈನಿಕನೇ. ಕಡ್ಡಿಯಂಥ ಆಳು, ಜಂಬಕ್ಕೆ ಕಡಿಮೆಯಿಲ್ಲ.

“ಜೈಲು ಮುಗಿಸಾಯ್ತು. ಇನ್ನೂ ಯಾರ ಕಾಲು ಹಿಡೀಬೇಕೋ?” ಎಂದ.

ಆಮೇಲೆ ಕಾಯುವುದೇ ಕೆಲಸವಾಯಿತು. ನನ್ನ ಅಡುಗೆಮನೆಗೆ ಅವನ ಕೆಮ್ಮು ಗೋಡೆ ದಾಟಿ ಕೇಳುತ್ತಿತ್ತು. ಕೇಳಿದರೆ ಭಯ, ಸ್ವಲ್ಪ ಹೊತ್ತು ಕೇಳದಿದ್ದರೆ ಇನ್ನೂ ಭಯ. ಅವನು ಸಮವಸ್ತ್ರ ಇಳಿಸಿ ಮತ್ತೊಮ್ಮೆ ಬಿಗಿ ಮಾಡಿದ. ನಾನು ಆ ಕಪಾಟು ತೆರೆಯುವುದನ್ನೇ ಬಿಟ್ಟು ಎರಡೇ ಲಂಗದಲ್ಲಿ ದಿನ ದೂಡಿದೆ.

ಕ್ಷಮಾದಾನ ಬಂತು. ಕುಣಿಯುವಷ್ಟರಲ್ಲಿ ವಕೀಲೆ ತಡೆದಳು, ಇದು ಅರ್ಧ ದಾರಿ ಮಾತ್ರ ಎಂದಳು. ಉಳಿದರ್ಧಕ್ಕೆ ಮತ್ತೊಂದು ಚಳಿಗಾಲ ಹೋಯಿತು. ನ್ಯಾಯಾಧೀಶರು ಗಡೀಪಾರು ರದ್ದು ಮಾಡುವ ಹೊತ್ತಿಗೆ ಎವಾರಿಸ್ತೊ ಹಿತ್ತಿಲಿನಿಂದ ಅಂಗಡಿಗೆ ಬರಲು ನಡುವೆ ಒಮ್ಮೆ ಕೂರುತ್ತಿದ್ದ.

ಹೊರಡುವ ದಿನ ಸಮವಸ್ತ್ರ ಹಾಕಿಕೊಂಡೇ ಹೋಗುತ್ತೇನೆ ಎಂದು ಹಟ ಹಿಡಿದ. ಹೆಣದ ಬಟ್ಟೆ ಹಾಕಿಕೊಂಡು ನನ್ನ ಹೊಸ್ತಿಲು ದಾಟಬೇಡ ಎಂದೆ. ನನ್ನ ಮುಖ ನೋಡಿ ಬಿಳಿ ಅಂಗಿ ಹಾಕಿಕೊಂಡ.

ಗೇಟಿನವರೆಗೆ ನಾನು ಕೈಹಿಡಿದು ನಡೆಸಿದೆ. ನಿಕಾನೋರ್ ದೂರದಲ್ಲೇ ಹಿಂದೆ ಬಂದ. ಎವಾರಿಸ್ತೊ ಒಳಹೋದ. ಸಾಲಿನಲ್ಲಿ ಅವನ ಹಿಂದೆ ನಿಂತವರೆಲ್ಲ ದಾಟಿದರು, ಅವನನ್ನು ಮಾತ್ರ ಅಧಿಕಾರಿಯೊಬ್ಬ ಪಕ್ಕದ ಕೋಣೆಗೆ ಕರೆದುಕೊಂಡು ಹೋಗುವುದು ಕಂಡಿತು. ವಕೀಲೆ ಆಚೆಯಿಂದ ಫೋನು ಮಾಡಿದಳು. ಅವರ ಕಂಪ್ಯೂಟರಿನಲ್ಲಿ ಅವನಿನ್ನೂ ಗಡೀಪಾರಾದವನೇ ಅಂತೆ. ತಿದ್ದುವವರೆಗೆ ಕೂರಿಸಿದ್ದಾರಂತೆ, ವಾಪಸು ಕಳಿಸಿದರೂ ಕಳಿಸಬಹುದಂತೆ.

ಬಿಸಿಲು ನೆತ್ತಿಗೇರಿತು. ಕೂತಲ್ಲಿ ಉಸಿರು ಸಿಕ್ಕದಿದ್ದರೆ ಅವನಿಗೆ ನೀರು ಕೊಡುವವರಾರು? ಇಷ್ಟು ಹತ್ತಿರ ಹೋಗಿ ಆ ಕೋಣೆಯಲ್ಲೇ ಪ್ರಾಣ ಬಿಟ್ಟರೆ? ಆಗ ಬಾವುಟ ಹೊದಿಸಿ ಆರಾಮಾಗಿ ಕರೆದೊಯ್ಯುತ್ತಾರೆ, ಪಾಪಿಗಳು. ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ನಿಕಾನೋರ್ ಯಾವಾಗ ನನ್ನ ಪಕ್ಕಕ್ಕೆ ಬಂದು ನಿಂತನೋ ಗೊತ್ತಾಗಲಿಲ್ಲ.

ಫೋನು ಮತ್ತೆ ಬಡಿದುಕೊಂಡಿತು. ಮೊದಲು ಕೇಳಿಸಿದ್ದು ಮಾತಲ್ಲ, ಕೆಮ್ಮು. ಆ ಕೆಮ್ಮನ್ನು ನಾನು ನಿದ್ದೆಯಲ್ಲೂ ಗುರುತಿಸುತ್ತೇನೆ.

“ಆಚೆ ಇದ್ದೀನಿ ದೋನ್ಯಾ,” ಎಂದ.

ನಾನು ರಸ್ತೆಯಲ್ಲೇ ಕೂತು ಅತ್ತೆ. ನಿಕಾನೋರ್ ಮುಖ ತಿರುಗಿಸಿಕೊಂಡ.

ಆಪರೇಷನ್ ಆಯಿತು. ಗಡ್ಡೆಯ ಜೊತೆಗೆ ಅರ್ಧ ಶ್ವಾಸಕೋಶವೂ ಹೋಯಿತು, ಆದರೆ ಉಳಿದುಕೊಂಡ. ಬೇಸಿಗೆ ಕಳೆದ ಮೇಲೆ ಫೋನು ಮಾಡಿ, ಆಸ್ಪತ್ರೆಯ ಬೀನ್ಸಿಗೆ ಉಪ್ಪೇ ಇಲ್ಲ, ಆದರೂ ದಪ್ಪಗಾಗಿದ್ದೇನೆ ಎಂದ. ನವೆಂಬರಿನಲ್ಲಿ ಮಾಜಿ ಸೈನಿಕರ ಮೆರವಣಿಗೆ ಇದೆ, ಸಮವಸ್ತ್ರ ಬೇಕು, ಹಿಡಿದ ಹೊಲಿಗೆಯನ್ನೆಲ್ಲ ಬಿಚ್ಚಿ ವಕೀಲೆಯ ಕೈಲಿ ಕಳಿಸು ಎಂದ.

ಅಂಗಡಿಯ ಮುಂದೆ ಬೆಳಕಿಗೆ ಕೂತು ಬಿಚ್ಚಲು ಹೊರಟೆ. ಒಂದರ ಪಕ್ಕ ಒಂದು, ಅವನು ಸೊರಗಿದ ಒಂದೊಂದು ವರ್ಷದ ಹೊಲಿಗೆ. ನಿಕಾನೋರ್ ಬಂದು ನೋಡುತ್ತ ನಿಂತ. ಕೋಟನ್ನು ನನ್ನ ಮಡಿಲಿಂದ ಎತ್ತಿ ತನ್ನ ಮೈಗೆ ತೊಟ್ಟುಕೊಂಡ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು.

“ಬಿಚ್ಬೇಡ ದೋನ್ಯಾ,” ಎಂದ ಮೆಲ್ಲಗೆ. “ಅವನಿಗೆ ಅಲ್ಲಿ ಹೊಸದು ಸಿಗುತ್ತೆ. ಇದು ನನಗಿರ್ಲಿ. ನನಗೆ ಬೇಕಾಗುತ್ತೆ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕೋಟನ್ನು ಕಿತ್ತುಕೊಂಡೆ.

“ನಾಳೆ ಗುರುವಾರ. ವಕೀಲೆ ಬರ್ತಾಳೆ. ಸ್ನಾನ ಮಾಡ್ಕೊಂಡು ಬಾ,” ಎಂದೆ.

ಅವನು ಕುರ್ಚಿ ಎಳೆದು ನನ್ನೆದುರು ಕೂತು, ಕೋಟಿನ ಇನ್ನೊಂದು ಪಕ್ಕವನ್ನು ಬಿಗಿಯಾಗಿ ಹಿಡಿದುಕೊಂಡ. ನಾನು ದಾರ ಕತ್ತರಿಸಿ ಎಳೆಯತೊಡಗಿದೆ.