ಏಳು ಗುಂಡಿಗಳ ಫ್ರಿಜ್

ಬೀದಿಯವರೆಲ್ಲ ಆಕೆಯನ್ನು ಅತ್ತೆ ಎನ್ನುತ್ತಾರೆ. ಬಾಯಿ ತಪ್ಪಿ ಗಂಡನೂ ಒಂದೆರಡು ಸಲ ಹಾಗೆ ಕರೆದದ್ದುಂಟು. ತಿರುವಿನಲ್ಲಿ ಆಕೆಯ ಎಂಟಡಿ ಅಗಲದ ಅಂಗಡಿ. ಅದರಲ್ಲಿ ತಂಪು ಪಾನೀಯದ ಕಂಪನಿ ಕೊಟ್ಟ, ಗಾಜಿನ ಬಾಗಿಲಿನ ಫ್ರಿಜ್. ಒಂಟಿ ಕೋಣೆಯ ಮನೆಗಳ ಆ ಬೀದಿಗೆಲ್ಲ ಇದ್ದದ್ದು ಅದೊಂದೇ.

ಬಾಟಲಿಗಳ ನಡುವೆ, ಮಧ್ಯದ ತಟ್ಟೆಯಲ್ಲಿ, ಸಕ್ಕರೆ ಕಾಯಿಲೆಯ ಏಳು ಜನರ ಇನ್ಸುಲಿನ್ ಸೀಸೆಗಳಿದ್ದವು. ಹಿಂಬದಿಗೆ ತಳ್ಳುವಂತಿಲ್ಲ, ಒಮ್ಮೆ ಅಲ್ಲೊಂದು ಸೀಸೆ ಹೆಪ್ಪುಗಟ್ಟಿ ಚೆಲ್ಲಬೇಕಾಗಿ ಬಂದಿತ್ತು. ಓದು ಬಾರದವರೇ ಹೆಚ್ಚು, ಹಾಗಾಗಿ ಪ್ರತಿ ಸೀಸೆಯ ಕತ್ತಿಗೂ ಅವರವರ ಅಂಗಿಯ ಗುಂಡಿ ಕಟ್ಟಿದ್ದಳು. ಆಟೋದವನದು ಖಾಕಿ. ಆಸ್ಪತ್ರೆಯಲ್ಲೇ ಇಡೋಣವೆಂದರೆ ಅಲ್ಲಿಗೆ ಎರಡು ಬಸ್ಸು ಹತ್ತಬೇಕು, ಅದೂ ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕುತ್ತದೆ. ಇವರಿಗೆ ಸೂಜಿ ಬೇಕಾದದ್ದು ಬೆಳಿಗ್ಗೆ, ಸಂಜೆ.

ಶುಕ್ರವಾರ ಕಂಪನಿಯವನು ತಪಾಸಣೆಗೆ ಬಂದ.

"ಅಮ್ಮಾ, ಇದರಲ್ಲಿ ನಮ್ಮ ಬಾಟಲಿ ಬಿಟ್ಟು ಬೇರೇನೂ ಇಡಬಾರದು."

"ನಿಮ್ಮ ಬಾಟಲಿ ಕುಡಿದವರದ್ದೇ ಕಣಪ್ಪಾ ಇದು."

ಅವನು ನಗಲಿಲ್ಲ. "ಇವನ್ನ ತೆಗೀರಿ. ಇಲ್ಲಾಂದ್ರೆ ಮಂಗಳವಾರ ಫ್ರಿಜ್ ಒಯ್ಯೋಕೆ ಗಾಡಿ ಬರುತ್ತೆ."

"ತೆಗೆದುಬಿಡೇ," ಎಂದ ಗಂಡ. "ಬೇಸಿಗೆ ವ್ಯಾಪಾರ ಪೂರ್ತಿ ಹೋಗುತ್ತೆ."

"ತೆಗೆದು ಎಲ್ಲಿಡಲಿ ರೀ, ನಿಮ್ಮ ತಲೆ ಮೇಲಾ? ಅದಂತೂ ಯಾವಾಗಲೂ ಬಿಸಿ."

ಅಂದೇ ಒಂದು ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ ನೀರು ಹನಿಸಿದಳು. ಮೇಲೆ ಒದ್ದೆ ಬಟ್ಟೆ, ಒಳಗೆ ಕೋಣೆಯ ಬಿಸಿ ಅಳೆಯುವ ಥರ್ಮಾಮೀಟರು. ಮೂರು ದಿನ, ದಿನಕ್ಕೆ ಮೂರು ಸಲ ನೋಡಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದಳು. ಸುಡು ಮಧ್ಯಾಹ್ನದಲ್ಲೂ ಇಪ್ಪತ್ತನಾಲ್ಕು ಡಿಗ್ರಿ ದಾಟಲಿಲ್ಲ. ಸೋಮವಾರ ಆ ಅಂಕಿಗಳನ್ನು ಚೀಟಿಗಿಳಿಸಿಕೊಂಡು ಆಸ್ಪತ್ರೆಗೆ ಹೋದಳು.

ನರ್ಸಮ್ಮ ಎರಡು ಸಲ ಓದಿದರು. "ತೆರೆದ ಸೀಸೆಗೆ ಈ ತಂಪು ಸಾಕು, ಆದರೆ ತಿಂಗಳು ಮೀರಬಾರದು. ತೆರೆಯದ್ದು ನಮ್ಮ ಫ್ರಿಜ್‌ನಲ್ಲೇ ಇರಲಿ. ತಿಂಗಳಿಗೊಂದು ಕೊಡ್ತೀನಿ, ಏಳೂ ಜನರದ್ದು ನೀವೇ ಒಯ್ಯಿರಿ."

ಮಂಗಳವಾರ ಬೆಳಿಗ್ಗೆಯೇ ಗಾಡಿ ಬಂತು. ಸೀಸೆಗಳಿನ್ನೂ ಫ್ರಿಜ್‌ನಲ್ಲೇ ಇದ್ದವು, ಅತ್ತೆ ಅವನ್ನು ಮಡಕೆಗೆ ಸಾಗಿಸಿದಳು. ಫ್ರಿಜ್ ಎತ್ತಿಸಿದ ಮೇಲೆ ಕಂಪನಿಯವನು ಮಡಕೆ ನೋಡಿದ.

"ಇದು ಯಾವ ಕಂಪನಿದಮ್ಮಾ?"

"ಕುಂಬಾರನದು. ಅವನು ಬಂದು ಒಳಗೆ ಇಣುಕಲ್ಲ."

ಈ ಸಲ ಅವನು ನಕ್ಕ. ಸಂಜೆ ಆಟೋದವನು, ಎರಡನೇ ಗುಂಡಿ ಇಲ್ಲದ ಅಂಗಿಯಲ್ಲೇ ಬಂದು, ಮಡಕೆಯೊಳಗೆ ಕೈ ಹಾಕಿ ತನ್ನ ಖಾಕಿ ಗುಂಡಿ ಹುಡುಕಿದ.

"ಕೈ ತೊಳೆದ್ಯೇನೋ?" ಅಂದಳು ಅತ್ತೆ.