ಪಾದ ಕಾಣುವಷ್ಟು ಜಾಗ

ಆಯಮ್ಮನ ಕೈಯ ಎರಡೂ ಹೆಬ್ಬೆರಳುಗಳ ಉಗುರುಗಳು ನೀಲಿಯಾಗಿದ್ದವು. ಪೆಟ್ಟು ಬಿದ್ದು ಕಟ್ಟಿದ ನೀಲಿಯಲ್ಲ, ಜೀನ್ಸ್ ಬಟ್ಟೆಯ ಬಣ್ಣ. ರಾಯದುರ್ಗದ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳವರು ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ. ಹೊಲಿದ ಪ್ಯಾಂಟುಗಳ ದಾರದ ತುದಿ ಕತ್ತರಿಸುವ ಕೆಲಸವನ್ನು ಆಯಮ್ಮ ಸಂಜೆ ಮನೆಗೆ ತಂದುಕೊಳ್ಳುತ್ತಿದ್ದಳು. ಹಗಲೆಲ್ಲ ಶಾಲೆಯ ನೆಲ ತೊಳೆದರೂ, ಮಕ್ಕಳ ಊಟದ ತಟ್ಟೆ ಉಜ್ಜಿದರೂ ಆ ಬಣ್ಣ ಬಿಡುತ್ತಿರಲಿಲ್ಲ. ಒಂದನೇ ತರಗತಿಯಲ್ಲಿದ್ದಾಗ ನಾನು ಅವಳ ರಕ್ತವೇ ನೀಲಿ ಎಂದು ನಂಬಿದ್ದೆ. ನನ್ನ ಜಡೆಯ ರಿಬ್ಬನ್ ಬಿಚ್ಚಿಹೋದಾಗಲೆಲ್ಲ ಆ ಬೆರಳುಗಳೇ ಕಟ್ಟಿಕೊಡುತ್ತಿದ್ದವು. ಅವಳು ಹಾಕಿದ ಗಂಟು ಮನೆಗೆ ಬಂದು ಅಮ್ಮ ಬಿಚ್ಚುವವರೆಗೆ ಸಡಿಲವಾಗುತ್ತಿರಲಿಲ್ಲ.

ಅವಳು ನಮ್ಮ ಬೀದಿಯ ಕನ್ನಡ ಶಾಲೆಯ ಆಯಾ. ಹೆಡ್‌ಮಾಸ್ತರರಿಂದ ಹಿಡಿದು ಬೀದಿಯ ತರಕಾರಿ ಮಾರುವವನವರೆಗೆ ಎಲ್ಲರಿಗೂ ಆಯಮ್ಮ. ಶಾಲೆಯ ಎದುರಿಗೇ ನಮ್ಮ ಮನೆ. ಕೆಳಗೆ ಅಪ್ಪನ ನೋಟುಬುಕ್ಕು, ಪೆನ್ನುಗಳ ಅಂಗಡಿ, ಮೇಲೆ ನಾವು. ನನ್ನ ಕೋಣೆಯ ಕಿಟಕಿಯಿಂದ ಶಾಲೆಯ ಅಂಗಳ, ಅಂಗಳಕ್ಕೂ ರಸ್ತೆಗೂ ನಡುವಿನ ಆಳೆತ್ತರದ ಕಂಬಿ ಬೇಲಿ, ಬೇಲಿಯ ನಡುವಿನ ಗೇಟು, ಗೇಟಿನ ಒಳಗೆ ಅವಳ ಕಬ್ಬಿಣದ ಸ್ಟೂಲು, ಎಲ್ಲವೂ ಕಾಣುತ್ತಿದ್ದವು. ನಾನು ಆ ಶಾಲೆಯಲ್ಲಿ ಓದುವಾಗ ಬೇಲಿ ಬರೀ ಬೇಲಿಯಾಗಿತ್ತು. ಅನಂತಪುರದಲ್ಲಿ ಎಂ.ಎ. ಮುಗಿಸಿ ಮನೆಗೆ ಬರುವಷ್ಟರಲ್ಲಿ ಅದು ಕಾಣದಂತಾಗಿತ್ತು. ಹುಟ್ಟುಹಬ್ಬದ ಶುಭಾಶಯ, ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ಬೋರ್‌ವೆಲ್ ಲಾರಿ, ತಿಂಗಳಿಗೊಮ್ಮೆ ಬರುವ ಮೂಳೆ ಡಾಕ್ಟರು, ಹೀಗೆ ಒಂದರ ಪಕ್ಕ ಒಂದು ಫ್ಲೆಕ್ಸಿ ಬ್ಯಾನರು. ನಮ್ಮ ಶಾಲೆಯ ಕಂಬಿಗೇ ಬೇರೆ ಶಾಲೆಯ ಅಡ್ಮಿಷನ್ ಜಾಹೀರಾತನ್ನೂ ಕಟ್ಟಿದ್ದರು. ಹೆಡ್‌ಮಾಸ್ತರರು ಅರ್ಜಿ ಕೊಟ್ಟಾಗ ಮುನ್ಸಿಪಾಲಿಟಿಯವರು ಬಂದು ಬಿಚ್ಚಿಕೊಂಡು ಹೋಗುತ್ತಿದ್ದರು. ಮುಂದಿನ ವಾರಕ್ಕೆ ಹೊಸವು ಬರುತ್ತಿದ್ದವು.

ಫ್ಲೆಕ್ಸಿಗಳು ಬಂದಮೇಲೆ ರಸ್ತೆಯಲ್ಲಿ ಹೋಗುವವರಿಗೆ ಗೇಟಿನ ಕಡೆ ಓಡಿ ಬರುವ ಮಕ್ಕಳು ಕಾಣುತ್ತಿರಲಿಲ್ಲ, ಮಕ್ಕಳಿಗೆ ರಸ್ತೆ ಕಾಣುತ್ತಿರಲಿಲ್ಲ. ಕಣೇಕಲ್ಲಿನ ಕಡೆಯಿಂದ ಭತ್ತದ ಮೂಟೆ ಹೇರಿಕೊಂಡು ಬರುವ ಗೂಡ್ಸ್ ಆಟೋಗಳು ನಮ್ಮ ಬೀದಿಯಲ್ಲೇ ತಿರುಗುತ್ತವೆ. ಫ್ಲೆಕ್ಸಿ ಕಿತ್ತು ಹಾಕುವ ಅಧಿಕಾರ ಆಯಮ್ಮನಿಗೆ ಇರಲಿಲ್ಲ. ಕಿತ್ತರೆ ಕೆಲಸ ಉಳಿಯುತ್ತಿರಲಿಲ್ಲ. ಆದ್ದರಿಂದ ಅವಳು ತನ್ನದೇ ಒಂದು ದಾರಿ ಕಂಡುಕೊಂಡಳು. ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಪ್ರತಿ ಫ್ಲೆಕ್ಸಿಯ ಕೆಳಗಿನ ಎರಡು ಗೇಣನ್ನು ಹಿಂಬದಿಯಿಂದ ಮೇಲಕ್ಕೆ ಮಡಿಚಿ, ಜೀನ್ಸಿನ ಉಳಿಕೆ ಪಟ್ಟಿಯಿಂದ ಕಂಬಿಗೆ ಬಿಗಿಯುತ್ತಿದ್ದಳು. ದೊಡ್ಡ ದೊಡ್ಡ ನಾಯಕರೆಲ್ಲ ಲುಂಗಿ ಎತ್ತಿ ಕಟ್ಟಿಕೊಂಡವರಂತೆ ಸಾಲಾಗಿ ನಿಂತಿರುತ್ತಿದ್ದರು.

"ಒಳಗಿಂದ ಗಾಲಿ ಕಾಣ್ಬೇಕು, ಹೊರಗಿಂದ ಪಾದ ಕಾಣ್ಬೇಕು. ಅಷ್ಟ ಸಾಕು ನನಗ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಬೈಕಿನಲ್ಲಿ ಬಂದ ಯುವಕನೊಬ್ಬ ಬೇಲಿಯ ಮುಂದೆ ಗಕ್ಕನೆ ನಿಂತದ್ದನ್ನು ನಾನು ಕಿಟಕಿಯಿಂದ ನೋಡಿದೆ. ಹಿಂದಿನ ದಿನ ತನ್ನ ನಾಯಕನ ಹುಟ್ಟುಹಬ್ಬದ ಫ್ಲೆಕ್ಸಿ ಕಟ್ಟಿಸಿದವನು ಅವನೇ.

"ಏಮ್ಮಾ ಆಯಮ್ಮಾ! ನಮ್ಮಣ್ಣನ ಕಾಲು ಎಲ್ಲಿ ಹೋದ್ವು?"

"ಮಡಿಚೀನಪ್ಪ" ಎಂದಳು ಆಯಮ್ಮ, ಗಂಟು ಬಿಗಿಯುತ್ತಲೇ. "ನಿನ್ನಿಯಿಂದ ನಿಂತು ನಿಂತು ಸಾಕಾಗಿರ್ತೈತಿ ಪಾಪ. ಕುಂತಾನ ಅನ್ಕ."

"ಆಟ ಆಡ್ಬ್ಯಾಡ. ಬಿಚ್ತೀಯೋ, ಹೆಡ್‌ಮಾಸ್ತರ್‌ಗೆ ಹೇಳ್ಲೋ?"

"ಹೇಳಂತಿ, ಇಳಿ ಮೊದ್ಲು. ಇಲ್ಲಿ ಬಗ್ಗಿ ನೋಡು. ಆ ಕೆಂಪು ಚಪ್ಪಲಿ ಯಾರ್ದು?"

ಅವನು ಬಗ್ಗಿದ. ಮಡಿಚಿದ ಫ್ಲೆಕ್ಸಿಯ ಕೆಳಗೆ ಒಂದು ಜೊತೆ ಪುಟ್ಟ ಕೆಂಪು ಚಪ್ಪಲಿ ಕುಂಟಾಬಿಲ್ಲೆಯಾಡುತ್ತ ಹೋಗುತ್ತಿದ್ದವು.

"ನಮ್ಮಕ್ಕನ ಮಗಳು..." ಎಂದ.

"ಹೌದಿಲ್ಲೊ? ನಿಮ್ಮಣ್ಣನ ಕಾಲು ಬಿಡಿಸ್ಲೊ, ಈ ಕಾಲು ಕಾಯ್ಲೊ? ನೀನ ಹೇಳು."

ಅವನು ಬೈಕ್ ತಿರುಗಿಸಿದ. ಮುಂದೆ ಅವನು ತಂದ ಫ್ಲೆಕ್ಸಿಗಳೆಲ್ಲ ಎರಡು ಗೇಣು ಗಿಡ್ಡವಾಗಿದ್ದವು ಎಂದು ಆಯಮ್ಮ ನಗುತ್ತ ಹೇಳುತ್ತಿದ್ದಳು. ನಿಜವೋ ಅಲ್ಲವೋ ನಾನು ಅಳೆದು ನೋಡಲಿಲ್ಲ.

ಬೀದಿಯ ತಾಪತ್ರಯಗಳೆಲ್ಲ ಮೊದಲು ಬರುತ್ತಿದ್ದುದು ಆ ಸ್ಟೂಲಿನ ಬಳಿಗೆ. ನಲ್ಲಿ ನೀರು ಇವತ್ತೋ ನಾಳೆಯೋ, ಯಾರ ಮನೆಯ ನಾಯಿ ಮರಿ ಹಾಕಿದೆ, ಚರಂಡಿಯ ಚಪ್ಪಡಿ ಎಲ್ಲಿ ಒಡೆದಿದೆ, ಎಲ್ಲವೂ ಅವಳಿಗೆ ಗೊತ್ತಿರುತ್ತಿತ್ತು. ಒಡೆದ ಚಪ್ಪಡಿಯೊಳಗೆ ಹಳೆಯ ಫ್ಲೆಕ್ಸಿಯ ಕಟ್ಟಿಗೆಯೊಂದನ್ನು ನೆಟ್ಟು, ಅದರ ತುದಿಗೂ ಒಂದು ನೀಲಿ ಪಟ್ಟಿ ಕಟ್ಟಿದ್ದಳು. ನಾನು ಹೆಚ್ಚು ಮಾತಾಡುವವಳಲ್ಲ. ಅವಳ ಬಳಿ ನಿಂತಾಗಲೂ ಸುಮ್ಮನೆ ನಿಂತಿರುತ್ತಿದ್ದೆ. "ನೀ ಮಾತಾಡ್ದಿದ್ರ ಏನಾತವ್ವ, ನಾ ಆಡ್ತೀನಲ್ಲ ಇಬ್ಬರ್ದೂ" ಎನ್ನುತ್ತಿದ್ದಳು. ರಸ್ತೆಯಿಂದ ನೋಡಿದರೆ ಫ್ಲೆಕ್ಸಿಗಳ ಕೆಳಗೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಅವಳ ಪಾದಗಳೇ: ಗಂಡಸರ ರಬ್ಬರ್ ಚಪ್ಪಲಿ, ಬಿರಿದ ಹಿಮ್ಮಡಿ, ಒಂದು ಕಾಲಿಗೆ ಮಾತ್ರ ಉಳಿದಿದ್ದ ಬೆಳ್ಳಿಯ ಕಡಗ.

ಕಳೆದ ವರ್ಷ ಶಾಲೆ ಶುರುವಾದ ಹೊಸತರಲ್ಲಿ ಅಪ್ಪ ತೀರಿಕೊಂಡರು. ಬೆಳಿಗ್ಗೆ ಅಂಗಡಿಯ ಬಾಗಿಲೆತ್ತಿ ಒಳಗೆ ಕೂತವರು ಹಾಗೇ ಒರಗಿದರು. ಮೂರನೆಯ ದಿನ ಅಪ್ಪನ ಜೊತೆಯ ಅಂಗಡಿಕಾರರು ಶ್ರದ್ಧಾಂಜಲಿಯ ಫ್ಲೆಕ್ಸಿ ಮಾಡಿಸಿ ತಂದು, ನಮ್ಮ ಮನೆಯ ನೇರಕ್ಕೆ, ಗೇಟಿಗೆ ಒತ್ತಿಕೊಂಡು ಬೇಲಿಗೆ ಕಟ್ಟಿದರು. ಮೇಲೆ ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಬರಹ, ಅದರ ಕೆಳಗೆ ಒಂದು ಮಗುವಿನ ಎತ್ತರದಷ್ಟು ಅಪ್ಪನ ಮುಖ. ಗದ್ದ ಹೆಚ್ಚುಕಡಿಮೆ ನೆಲಕ್ಕೆ ತಾಗುತ್ತಿತ್ತು.

ಮರುದಿನ ಬೆಳಿಗ್ಗೆ ಆಯಮ್ಮ ನಾಲ್ಕು ನೀಲಿ ಪಟ್ಟಿಗಳನ್ನು ಹಿಡಿದು ಅದರ ಮುಂದೆ ನಿಂತಿದ್ದಳು. ನಾನು ಕೆಳಗಿಳಿದು ರಸ್ತೆ ದಾಟಿ ಹೋದೆ. ಅವಳು ಕೆಳಗಿನ ಅಂಚನ್ನು ಎತ್ತಿ ಹಿಡಿದು ಅಳತೆ ನೋಡುತ್ತಿದ್ದಳು. ಮಡಿಕೆ ಸರಿಯಾಗಿ ಅಪ್ಪನ ತುಟಿಗಳ ಮೇಲೆ ಬೀಳುತ್ತಿತ್ತು.

"ಬೇಡ ಆಯಮ್ಮ" ಎಂದೆ. "ಹನ್ನೊಂದನೇ ದಿನದ ಕಾರ್ಯ ಆಗೋತನಕ ಹಂಗ ಇರ್ಲಿ. ಅಪ್ಪನ ಮುಖ ಮಡಿಚಬ್ಯಾಡ."

ನಾನು ಅವಳಲ್ಲಿ ಅದಕ್ಕೆ ಮೊದಲು ಏನನ್ನೂ ಕೇಳಿರಲಿಲ್ಲ. ಅವಳು ಫ್ಲೆಕ್ಸಿಯನ್ನು ನೋಡಿದಳು, ಗೇಟನ್ನು ನೋಡಿದಳು, ಆಮೇಲೆ ನನ್ನನ್ನು.

"ಆತವ್ವ" ಎಂದು ಅಂಚನ್ನು ಮೆಲ್ಲಗೆ ಕೆಳಗೆ ಬಿಟ್ಟಳು. ನಾಲ್ಕು ಪಟ್ಟಿಗಳನ್ನು ನನ್ನ ಅಂಗೈಯಲ್ಲಿಟ್ಟಳು. "ಇಟ್ಕ. ಕಾರ್ಯ ಮುಗಿದಮ್ಯಾಲ ನೀನ ಕಟ್ಟು."

ಹೊಸ ಬಟ್ಟೆಯ ಪಟ್ಟಿಗಳು. ಮನೆಗೆ ಬಂದು ನೋಡಿದರೆ ಬೆವರಿಗೆ ಅಂಗೈ ನೀಲಿಯಾಗಿತ್ತು.

ಅಂದಿನಿಂದ ಆಯಮ್ಮ ಶಾಲೆ ಬಿಡುವ ಹೊತ್ತಿಗೆ ಸ್ಟೂಲನ್ನು ಗೇಟಿನ ಹೊರಗೆ, ರಸ್ತೆಯ ಅಂಚಿಗೆ ಹಾಕಿಕೊಂಡು ಕೂರತೊಡಗಿದಳು. ಒಳಗಿನಿಂದ ಗಾಲಿ ಕಾಣುವುದಿಲ್ಲವಲ್ಲ, ಅದಕ್ಕೆ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಯಾಕೆ ಹೊರಗೆ ಕೂತಿದ್ದಾಳೆ ಎಂದು ನನಗೆ ಗೊತ್ತಿತ್ತು. ಇನ್ನು ಕೆಲವೇ ದಿನ ಎಂದುಕೊಂಡೆ.

ಒಂಬತ್ತನೆಯ ದಿನ ಸಂಜೆ ಶಾಲೆಯ ಗಂಟೆ ಹೊಡೆದಾಗ ನಾನು ಕಾರ್ಯಕ್ಕೆ ಕರೆಯಬೇಕಾದವರ ಪಟ್ಟಿ ಬರೆಯುತ್ತಿದ್ದೆ. ಬ್ರೇಕಿನ ಸದ್ದು ಕೇಳಿತು. ಕಿಟಕಿಗೆ ಬಂದಾಗ ಮೊದಲು ಕಂಡದ್ದು ಅಪ್ಪನ ಮುಖ, ಎಂದಿನಂತೆ ನಗುತ್ತ. ಅದರ ಪಕ್ಕದಲ್ಲಿ ಅಡ್ಡ ನಿಂತ ಗೂಡ್ಸ್ ಆಟೋ. ಉರುಳಿದ ಸ್ಟೂಲು. ರಸ್ತೆಯ ಆಚೆ ಬದಿಗೆ ಬಿದ್ದು ಎದ್ದು ಕೂತು ಅಳುತ್ತಿದ್ದ ಒಂದನೇ ತರಗತಿಯ ಹುಡುಗಿ. ಆಯಮ್ಮ ಎದ್ದಿರಲಿಲ್ಲ.

ನಾನು ಓಡಿ ಹೋದೆ. ಡ್ರೈವರ್ ತಲೆ ಚಚ್ಚಿಕೊಳ್ಳುತ್ತಿದ್ದ. "ಕಾಣ್ಲಿಲ್ರೀ, ದೇವ್ರಾಣೆ ಕಾಣ್ಲಿಲ್ರೀ! ಕೂಸು ಆ ಮಕದ ಹಿಂದಿಂದ ಬಂತ್ರೀ! ಈಯಮ್ಮ ಕೂಸನ್ನ ನೂಕಿ ತಾನ ಸಿಕ್ಳು!"

ಆ ಮಕದ ಹಿಂದಿನಿಂದ. ಅಲ್ಲಿ ಸೇರಿದ್ದ ಎಲ್ಲರೂ ಅದನ್ನು ಕೇಳಿಸಿಕೊಂಡರು. ಯಾರೂ ಫ್ಲೆಕ್ಸಿಯ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ಬೀದಿಯವರು ಡ್ರೈವರನ್ನು ಬೈದರು, ಸ್ಪೀಡ್ ಬ್ರೇಕರ್ ಹಾಕದ ಮುನ್ಸಿಪಾಲಿಟಿಯನ್ನು ಬೈದರು, ಆ ಹುಡುಗಿಯ ತಾಯಿಯನ್ನೂ ಬೈದರು. ಸೂತಕದ ಮನೆಯ ಮೇಲಿನ ಗೌರವಕ್ಕೆ ಫ್ಲೆಕ್ಸಿಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಆಯಮ್ಮ ಅದೊಂದನ್ನು ಯಾಕೆ ಮಡಿಚಿರಲಿಲ್ಲ ಎಂದೂ ಯಾರೂ ಕೇಳಲಿಲ್ಲ. ಅದು ಗೊತ್ತಿದ್ದವರು ಇಬ್ಬರೇ. ಅಮ್ಮನಿಗೂ ನಾನು ಹೇಳಿಲ್ಲ. ಇಲ್ಲಿ ಬರೆಯುತ್ತಿರುವುದೇ ಮೊದಲು.

ಕತ್ತಲಾಗುವ ಮೊದಲು ನಾನೇ ಹೋಗಿ ಫ್ಲೆಕ್ಸಿಯನ್ನು ಬಿಚ್ಚಿದೆ. ಮಡಿಚಲಿಲ್ಲ, ಸುರುಳಿ ಸುತ್ತಿದೆ. ಈಗಲೂ ಅದು ನಮ್ಮ ಬೀರುವಿನ ಹಿಂದೆ ನಿಂತಿದೆ, ಅಪ್ಪನ ಮುಖ ಒಳಗಾಗಿ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಆಯಮ್ಮನ ಸೊಂಟಕ್ಕೆ ಆಪರೇಷನ್ ಆಯಿತು. ಮನೆಗೆ ಕರೆತಂದ ಮೇಲೆ ನೋಡಲು ಹೋದೆ. ಅವಳ ತಂಗಿ ಟೀ ಮಾಡಲು ಒಳಗೆ ಹೋದಳು. ಮಂಚದ ಮೇಲೆ ಆಯಮ್ಮ ತೆಳ್ಳಗಾಗಿದ್ದಳು. ತಿಂಗಳುಗಟ್ಟಲೆ ಕೆಲಸ ಮಾಡದೆ ಉಗುರಿನ ನೀಲಿ ಅಂಚಿಗೆ ಸರಿದು, ಬುಡದಲ್ಲಿ ಬಿಳಿಯ ಉಗುರು ಬೆಳೆದಿತ್ತು. ಅಷ್ಟು ಬಿಳಿಯ ಉಗುರು ಅವಳಿಗಿರಬಹುದು ಎಂದು ನನಗೆ ಎಂದೂ ಅನ್ನಿಸಿರಲಿಲ್ಲ.

"ಆಯಮ್ಮ, ಅವತ್ತು ನಾನು..." ಎಂದೆ.

"ಸುಮ್ಕಿರವ್ವ. ಆ ಕೂಸು ಸಾಲಿಗೆ ಬರ್ತೈತಿಲ್ಲ?"

"ಬರ್ತೈತಿ."

"ಊಟ ಸರಿ ಮಾಡಂಗಿಲ್ಲ ಅದು, ಬರೀ ತತ್ತಿ ತಿಂದು ಏಳ್ತೈತಿ." ಆಮೇಲೆ, ಮರೆತಿದ್ದೇನೋ ನೆನಪಾದವಳಂತೆ, "ಅಪ್ಪನ ಮಕಕ್ಕ ಮಡಿಕಿ ಬೀಳ್ಲಿಲ್ಲಲ್ಲ?" ಎಂದು ಕೇಳಿದಳು.

"ಇಲ್ಲ."

"ಹಂಗಾದ್ರ ಆತು."

ಅವಳು ವ್ಯಂಗ್ಯವಾಡಲಿಲ್ಲ. ವ್ಯಂಗ್ಯವಾಡಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ಸಮಾಧಾನಪಟ್ಟಳು. ಟೀ ಬಂತು, ಕುಡಿದೆ, ಎದ್ದು ಬಂದೆ. ಹೇಳಬೇಕಾದದ್ದು ಹಾಗೇ ಉಳಿಯಿತು.

ಈಗ ನಾನು ಮಡಕಶಿರಾದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನ ಬಾಡಿಗೆ ಕೋಣೆಯಿಂದ ಕಾಲೇಜಿಗೆ ಹೋಗುವ ದಾರಿಯಲ್ಲೂ ಒಂದು ಶಾಲೆ, ಕಂಬಿ, ಫ್ಲೆಕ್ಸಿಗಳಿವೆ. ಅಲ್ಲಿಗೆ ಬಂದಾಗ ನನಗೆ ಗೊತ್ತಿಲ್ಲದೆಯೇ ಬಗ್ಗುತ್ತೇನೆ. ಒಮ್ಮೆ ಗುಡಿಬಂಡೆ ಕಡೆಯ ಆಟೋದವರೊಬ್ಬರು ನೋಡಿ, "ಏನ್ ಬಿದ್ದೋಯ್ತು ಮೇಡಮ್ಮು? ನಾವೂ ಹುಡುಕ್ತೀವಿ ಹೇಳಿ" ಎಂದರು. ಏನೂ ಇಲ್ಲ ಎಂದೆ. ಫ್ಲೆಕ್ಸಿಯ ಕೆಳಗೆ ಒಂದು ಕಡಗದ ಕಾಲು ಕಂಡಂತಾಗಿ, ಇನ್ನೊಮ್ಮೆ ನೋಡಿದರೆ ಇರುವುದಿಲ್ಲ.

ಆಯಮ್ಮ ಮತ್ತೆ ಏಳಲಿಲ್ಲ. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿ, ಅದೇ ವರ್ಷ ದಸರೆಯ ರಜೆ ಮುಗಿದು ಶಾಲೆ ತೆರೆದ ವಾರದಲ್ಲಿ ಹೋದಳು. ಬೀದಿಯವರು ಸೇರಿ ಅವಳದೊಂದು ಫ್ಲೆಕ್ಸಿ ಮಾಡಿಸಿದರು. ಬೈಕಿನ ಯುವಕನೇ ಮುಂದೆ ನಿಂತು ಮಾಡಿಸಿದ. ಒಂಟಿಯಾಗಿ ತೆಗೆಸಿಕೊಂಡ ಫೋಟೋ ಅವಳದ್ದು ಒಂದೂ ಇರಲಿಲ್ಲ. ಶಾಲೆಯ ಗುಂಪು ಚಿತ್ರದ ಮೂಲೆಯಿಂದ ಮುಖವನ್ನು ಕತ್ತರಿಸಿ ದೊಡ್ಡದು ಮಾಡಿದ್ದರು. ಸ್ವಲ್ಪ ಮಸುಕಾಗಿತ್ತು. ಕಟ್ಟಿದ್ದು ಅದೇ ಜಾಗದಲ್ಲಿ, ಗೇಟಿಗೆ ಒತ್ತಿಕೊಂಡು. ಯುವಕ ಉಳಿದೆಲ್ಲ ಫ್ಲೆಕ್ಸಿಗಳನ್ನು ಗಿಡ್ಡ ಮಾಡಿಸಿದ್ದನೋ ಏನೋ, ಇದನ್ನು ಮಾತ್ರ ಪ್ರೀತಿಯಿಂದ ನೆಲದವರೆಗೆ ಮಾಡಿಸಿದ್ದ.

ಸುದ್ದಿ ತಿಳಿದು ನಾನು ಮಡಕಶಿರಾದಿಂದ ಬಂದಿದ್ದೆ. ಬೆಳಿಗ್ಗೆ ಶಾಲೆಯ ಗಂಟೆಗೆ ಮೊದಲು ಆ ನಾಲ್ಕು ಪಟ್ಟಿಗಳನ್ನು ತೆಗೆದುಕೊಂಡು ರಸ್ತೆ ದಾಟಿದೆ. ಕೆಳಗಿನ ಅಂಚನ್ನು ಎತ್ತಿ ಎರಡು ಗೇಣು ಅಳೆದೆ. ಮಡಿಕೆ ಅವಳ ಬಾಯಿಯ ಮೇಲೆ ಬಂತು.

ಹಾಲು ತರಲು ಹೊರಟಿದ್ದ ಪಕ್ಕದ ಮನೆಯವರು ನಿಂತರು. "ಅಯ್ಯ, ಏನವ್ವ ನೀನು! ಓದಿದಾಕಿ, ಸತ್ತೋರ ಮಕ ಮಡಿಚ್ತಾರೇನು? ಹನ್ನೊಂದು ದಿನನಾದ್ರೂ ಇರ್ಲಿ ಬಿಡು."

ನಾನು ಒಂದೊಂದಾಗಿ ನಾಲ್ಕು ಗಂಟು ಹಾಕಿದೆ, ಬಿಚ್ಚಿಕೊಳ್ಳದಂತೆ. ಬೆರಳುಗಳಿಗೆ ನೀಲಿ ಹತ್ತಿತು. ಮಡಿಕೆಯ ಮೇಲೆ ಅವಳ ಕಣ್ಣು, ಮೂಗು ಮಾತ್ರ ಉಳಿದವು.

ಆಮೇಲೆ ಬಗ್ಗಿ ನೋಡಿದೆ. ಬೇಗ ಬಂದ ಮಕ್ಕಳ ಪಾದಗಳು ಆಗಲೇ ಓಡಾಡುತ್ತಿದ್ದವು. ಅವುಗಳ ನಡುವೆ, ಗೇಟಿನ ಒಳಗೆ, ಸ್ಟೂಲಿನ ನಾಲ್ಕು ಕಬ್ಬಿಣದ ಕಾಲುಗಳು ಕಂಡವು.