ಬಿಳಿ ಬಿಲ್ಲೆಯ ಮೇಲಿನ ಹೆಬ್ಬೆಟ್ಟು

ಸೂಜಿ ಚುಚ್ಚದೆ, ಚರ್ಮ ಕೆರೆಯದೆ, ಬರೀ ಬೆಳಕಿನಿಂದ ಮನುಷ್ಯನ ಚರ್ಮದ ನೀರನ್ನೂ ಎಣ್ಣೆಯನ್ನೂ ಅಳೆಯಬಹುದೆಂದರೆ ಮೂವತ್ತು ವರ್ಷಗಳ ಹಿಂದೆ ನಮ್ಮ ಆಸ್ಪತ್ರೆಯಲ್ಲಿ ನಗುವವರೇ ಹೆಚ್ಚಿದ್ದರು. ಆ ನಗುವನ್ನು ನಂಬಿಕೆಯಾಗಿಸಿದವರು ಈಗ ನಿವೃತ್ತರಾಗುತ್ತಿರುವ, ಚರ್ಮ ವಿಭಾಗದವರೆಲ್ಲರೂ ಪ್ರೀತಿಯಿಂದ ಬೆಳಕಿನಕ್ಕ ಎಂದು ಕರೆಯುವ ಹಿರಿಯರು.

ಕಣ್ಣಿಗೆ ಕಾಣದ ಬೆಳಕನ್ನು ಅಂಗೈಯಷ್ಟು ಉಪಕರಣದಿಂದ ಚರ್ಮದ ಮೇಲೆ ಬಿಟ್ಟರೆ, ಅದರಲ್ಲಿ ಒಂದು ಪಾಲನ್ನು ನೀರು ನುಂಗುತ್ತದೆ, ಇನ್ನೊಂದು ಪಾಲನ್ನು ಎಣ್ಣೆ ನುಂಗುತ್ತದೆ. ಮರಳಿ ಬಂದ ಬೆಳಕು ಉಳಿದ ಕತೆ ಹೇಳುತ್ತದೆ. ಸಾವಿರಾರು ಸಲ ಇದನ್ನು ಕಂಡ ಮೇಲೂ ಅಕ್ಕನವರು ಪ್ರತಿ ಸಲ ಉಸಿರು ಹಿಡಿದೇ ನೋಡುತ್ತಿದ್ದರು. ಅವರ ಕೋಣೆಯಲ್ಲಿದ್ದದ್ದು ಎರಡು ಕುರ್ಚಿ, ಒಂದು ಗಡಿಯಾರ, ಫ್ಯಾನ್ ಇಲ್ಲ. ಯಾರೇ ಬಂದರೂ ಇಪ್ಪತ್ತು ನಿಮಿಷ ಸುಮ್ಮನೆ ಕೂರಬೇಕು. "ಡಾಕ್ಟ್ರೇ ಇಷ್ಟು ಕಾಯ್ಸಲ್ಲಕ್ಕಾ" ಎಂದು ಗೊಣಗಿದವರಿಗೆ, "ಡಾಕ್ಟ್ರಿಗೆ ನೀನು ಬೇಕು, ನಂಗೆ ನಿನ್ನ ಬೆವರು ಆರಬೇಕು" ಎನ್ನುತ್ತಿದ್ದರು.

ಅವರ ಸೇವೆಯ ಒಂಬತ್ತನೆಯ ವರ್ಷದಲ್ಲಿ ಬಟ್ಟೆ ಒಗೆಯುವ ಕಾರ್ಖಾನೆಯೊಂದರ ಕೆಲಸದ ಹೆಂಗಸು ಬಂದಳು. ಎರಡು ಮಕ್ಕಳ ತಾಯಿ. ಮುಂಗೈ ಬಿರುಕು ಬಿಟ್ಟು ರಕ್ತ ಜಿನುಗುತ್ತಿತ್ತು. ಸೋಪಿನ ನೀರೇ ಕಾರಣವೆಂದು ರುಜುವಾತಾದರೆ ಒಣಗಿದ ಬಟ್ಟೆ ಮಡಿಕೆ ಹಾಕುವ ಮೇಜಿಗೆ ವರ್ಗ. ಇಲ್ಲವಾದರೆ ಕೆಲಸವೇ ಹೋಗುತ್ತಿತ್ತು. "ಮನೇಲಿ ಪಾತ್ರೆ ತಿಕ್ಕಿ ಕೈ ಕೆಡಿಸ್ಕೊಂಡು ನಮ್ಮ ಮೇಲೆ ಹಾಕ್ತಾಳೆ" ಎಂಬುದು ಮ್ಯಾನೇಜರನ ವಾದ. ಅಕ್ಕನವರು ಅಳೆದರು. ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆ! ಅಂದೇ ವರದಿ ಹೋಯಿತು.

ಎರಡು ದಿನದ ಮೇಲೆ ಉಪಕರಣ ನೋಡಲು ಬಂದ ಮೆಕ್ಯಾನಿಕ್, ಬಿಳಿ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಪ್ರತಿ ಬೆಳಿಗ್ಗೆ ಉಪಕರಣಕ್ಕೆ ಮೊದಲು ತೋರಿಸುವುದು ಈ ಬಿಲ್ಲೆಯನ್ನೇ. ಎಣ್ಣೆಯಿಲ್ಲದಿರುವುದೆಂದರೆ ಏನೆಂದು ಅದು ಕಲಿಯುವುದು ಇದರಿಂದಲೇ. ಅದರ ನಡುವೆ ಜಿಡ್ಡಿನ ಹೆಬ್ಬೆಟ್ಟಿನ ಗುರುತು. ಅಳೆದ ದಿನ ಬೆಳಿಗ್ಗೆ ಬೇಗ ಬಂದು ಬಾಗಿಲಲ್ಲಿ ನಿಂತಿದ್ದ ಅದೇ ಹೆಂಗಸಿನ ಮೊಣಕೈಯ ಸುಟ್ಟ ಗಾಯಕ್ಕೆ ಅಕ್ಕನವರೇ ಮುಲಾಮು ಸವರಿ, ಮರೆತು ಬಿಲ್ಲೆ ಮುಟ್ಟಿದ್ದರು. ಆ ಜಿಡ್ಡನ್ನೇ ಉಪಕರಣ ಸೊನ್ನೆಯೆಂದು ಕಲಿತು, ಅಂದಿನಿಂದ ಅಳೆದ ಚರ್ಮವೆಲ್ಲ ಇದ್ದುದಕ್ಕಿಂತ ಒಣಗಿದಂತೆ ಕಂಡಿತ್ತು.

"ಬಿಡಿ ಅಕ್ಕಾ, ಯಾರಿಗೆ ಗೊತ್ತಾಗತ್ತೆ? ಪಾಪ, ಅವಳ ಕೆಲಸ ಉಳೀತು" ಎಂದ ಮೆಕ್ಯಾನಿಕ್.

"ಇವತ್ತು ಉಳಿಸಿದ್ದು ನನ್ನ ಹೆಬ್ಬೆಟ್ಟು. ನಾಳೆ ಇನ್ನೊಬ್ಬರದ್ದು ಕಳೆಯೋದೂ ಇದೇ ಹೆಬ್ಬೆಟ್ಟಲ್ವೇನೋ?"

ವರದಿಯನ್ನು ಬರಹದಲ್ಲೇ ಹಿಂದಕ್ಕೆ ಪಡೆದರು. ಆ ದಿನದಿಂದ ಅಳೆದಿದ್ದ ಉಳಿದ ಆರು ಜನರಿಗೂ ಹೇಳಿಕಳುಹಿಸಿದರು. ಆ ಹೆಂಗಸಿಗೆ ಮಾತ್ರ ಖುದ್ದಾಗಿ ಹೇಳಬೇಕೆಂದು ಆವಿ ತುಂಬಿದ ಕಾರ್ಖಾನೆಗೇ ಹೋದರು.

"ಸುಳ್ಳೋ ನಿಜಾನೋ, ಒಂದು ಕಾಗದ ನನ್ನ ಕಡೆ ಇತ್ತು. ಅದನ್ನೂ ಕಿತ್ಕೊಂಡ್ರಾ ಅಕ್ಕಾ?" ಎಂದಳು ಅವಳು. ಪಕ್ಕದಲ್ಲಿದ್ದ ಮ್ಯಾನೇಜರ್ ನಕ್ಕ.

ಅಕ್ಕನವರ ಮುಖ ಸಣ್ಣದಾಯಿತು. ಆದರೂ, "ಎಂಟು ದಿನ ಕೊಡು. ಕೆಲಸಕ್ಕೆ ಮುಂಚೆ ಬಾ, ಕೆಲಸ ಮುಗಿದ ಮೇಲೂ ಬಾ. ರಜಾ ದಿನಾನೂ ತಪ್ಪಿಸಬೇಡ" ಎಂದರು.

ಮೂತಿ ಊದಿಸಿಕೊಂಡೇ ಬಂದಳು. ಮುಂಗೈ ಮೇಲೆ ಪೆನ್ನಿನಿಂದ ಒಂದು ಚುಕ್ಕಿ. ಸೋಪಿನ ನೀರು ತಾಗದ ತೋಳಿನ ಮೇಲೆ ಇನ್ನೊಂದು. ದಿನಕ್ಕೆರಡು ಸಲ, ಅದೇ ಎರಡು ಜಾಗ, ಇಪ್ಪತ್ತು ನಿಮಿಷ ಕೂತ ಮೇಲೆ. ಮೊದಲ ವರದಿಯಷ್ಟು ಕೆಟ್ಟ ಲೆಕ್ಕ ಒಂದು ದಿನವೂ ಬರಲಿಲ್ಲ. ಆದರೆ ಲೆಕ್ಕವನ್ನು ಹಾಳೆಯ ಮೇಲೆ ಎಳೆದಾಗ ಕೈಯ ಗೆರೆ ಪ್ರತಿ ಸಂಜೆ ಕುಸಿಯಿತು, ಬೆಳಗಾಗುವಷ್ಟರಲ್ಲಿ ಸ್ವಲ್ಪ ಚೇತರಿಸಿತು, ಹಿಂದಿನ ದಿನದ ಮಟ್ಟ ಮಾತ್ರ ಮುಟ್ಟಲಿಲ್ಲ. ತೋಳಿನ ಗೆರೆ ಅಲುಗಲಿಲ್ಲ. ರಜೆಯ ದಿನ ಅವಳು ಮನೆಯ ಪಾತ್ರೆಯನ್ನೆಲ್ಲ ತಿಕ್ಕಿಯೇ ಬಂದಿದ್ದಳು. ಅಂದು ಒಂದೇ ದಿನ ಕೈಯ ಗೆರೆ ತಲೆಯೆತ್ತಿತು! ನೀರಿನದೂ ಹಾಗೆಯೇ, ಎಣ್ಣೆಯದೂ ಹಾಗೆಯೇ. ಕಾಣದ ಬೆಳಕು ಒಬ್ಬ ಹೆಂಗಸಿನ ವಾರವನ್ನೆಲ್ಲ ಬರೆದಿಟ್ಟದ್ದನ್ನು ಕಂಡು ಬೆರಗಾದ ಅಕ್ಕನವರು ಎರಡೂ ಗೆರೆಗಳನ್ನು ಸೇರಿಸಿ ಹೊಸ ವರದಿ ಬರೆದರು.

ಪಾತ್ರೆ ತಿಕ್ಕಿದ ರಜೆಯ ದಿನದ ಗೆರೆಯನ್ನು ಎರಡೆರಡು ಸಲ ನೋಡಿ ಮ್ಯಾನೇಜರ್ ವರ್ಗದ ಕಾಗದಕ್ಕೆ ಸಹಿ ಹಾಕಿದ. ಹತ್ತು ದಿನದೊಳಗೆ ಅವಳು ಮಡಿಕೆಯ ಮೇಜಿನ ಮುಂದಿದ್ದಳು.

ಅಂದಿನಿಂದ ಬಿಲ್ಲೆಯನ್ನು ಮುಟ್ಟುವುದು ಚಿಮಟದಿಂದ ಮಾತ್ರ. ಗುರುತು ಬಿದ್ದ ಹಳೆಯದನ್ನು ಅಕ್ಕನವರು ಒರೆಸಲೂ ಇಲ್ಲ, ಎಸೆಯಲೂ ಇಲ್ಲ. ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಕಿಟಕಿಗೆ ಓರೆಯಾಗಿ ಹಿಡಿದು ತೋರಿಸಿದರು. "ನೋಡ್ಕೊಳ್ಳಿ, ಇದು ನಂದೇ" ಎಂದು ಅವರು ಹೇಳುವಾಗ ಇಷ್ಟು ದೊಡ್ಡವರು ಇಷ್ಟು ಸಲೀಸಾಗಿ ತಪ್ಪೊಪ್ಪುವುದನ್ನು ಕಂಡು ನಾವು ಬೆರಗಾಗಿದ್ದೇವೆ.

ಕಳೆದ ವಾರ ಆ ಹೆಂಗಸು ಬಂದಿದ್ದಳು. ಈಗ ಮಡಿಕೆ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಯಾರೂ ಹೇಳದೆಯೇ ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಕೂತಳು; ಆಮೇಲೆ ನುಣುಪಾದ ಮುಂಗೈ ಚಾಚಿದಳು. "ಕಾಗದ ಬೇಡ ಅಕ್ಕಾ. ಸುಮ್ನೆ ನೋಡಿ."

ಅಕ್ಕನವರು ಉಪಕರಣ ಬದಿಗಿಟ್ಟು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು.

ಹಳೆಯ ಬಿಲ್ಲೆಯನ್ನು ನೆನಪಿಗಾಗಿ ಮನೆಗೆ ಒಯ್ಯಿರೆಂದು ನಾವು ಕೇಳಿಕೊಂಡರೆ ಒಪ್ಪಲಿಲ್ಲ: "ಇಲ್ಲೇ ಇರ್ಲಿ. ನಂಗಿಂತ ನಿಮಗೇ ಬೇಕಾಗತ್ತೆ." ವಾರಕ್ಕೆರಡು ದಿನ ಬಂದು ಕಲಿಸಲು ಮಾತ್ರ ಒಪ್ಪಿದ್ದಾರೆ. ಅವರಿಗೆ ಗಟ್ಟಿ ಆರೋಗ್ಯವೂ ದೀರ್ಘಾಯುಷ್ಯವೂ ಇರಲಿ. ಆ ಹೆಬ್ಬೆಟ್ಟಿನ ಗುರುತು ಅಳಿಸದಂತೆ ಕಾಯುವ ಕೆಲಸ ಇನ್ನು ನಮ್ಮದು.